ವಿಮಾನದ ಕೆಳಗೆ ನಿಂತವರು

ವಿಮಾನ ಅಪಹರಣದ ಸಿನಿಮಾ ಯಾವ ಭಾಷೆಯಲ್ಲಿ ಬಂದರೂ ನಾನು ಬಿಡದೆ ನೋಡುತ್ತೇನೆ. ಒತ್ತೆಯಾಳುಗಳನ್ನು ಬಿಡಿಸಲು ಕಮಾಂಡೋಗಳು ನುಗ್ಗುವ ಆ ಕೊನೆಯ ಕಾಲು ಗಂಟೆ ಬಂತೆಂದರೆ ಈಗಲೂ ನನ್ನ ಕೈ ಬೆವರುತ್ತದೆ. ಆದರೆ ಈಚೆಗೆ ಒಂದು ವಿಷಯ ಬಹಳ ಕೊರೆಯುತ್ತಿದೆ. ಈ ಸಿನಿಮಾಗಳಲ್ಲಿ ವಿಮಾನದ ಒಳಗೆ ಕೂತವರು ಇರುತ್ತಾರೆ. ದೆಹಲಿಯಲ್ಲಿ ಮೇಜಿನ ಸುತ್ತ ಕೂತ ಮಂತ್ರಿಗಳು, ಅಧಿಕಾರಿಗಳು ಇರುತ್ತಾರೆ. ಕಪ್ಪು ಬಟ್ಟೆಯ ಕಮಾಂಡೋಗಳಂತೂ ಇದ್ದೇ ಇರುತ್ತಾರೆ. ವಿಮಾನದ ಕೆಳಗೆ, ಚಕ್ರದ ಹತ್ತಿರ ನಿಂತು ಕೆಲಸ ಮಾಡುವ ಮನುಷ್ಯ ಮಾತ್ರ ಎಲ್ಲೂ ಇರುವುದಿಲ್ಲ. ಇದ್ದರೂ ಮೊದಲ ಐದು ನಿಮಿಷದಲ್ಲಿ ಗುಂಡು ತಿಂದು ಬೀಳುವುದಷ್ಟೇ ಅವನ ಪಾತ್ರ. ಹೆಸರೂ ಇಲ್ಲ, ಮಾತೂ ಇಲ್ಲ.

ಚಿಕ್ಕಬಳ್ಳಾಪುರದಲ್ಲಿ ಇದ್ದುಕೊಂಡು ಇದನ್ನು ಗಮನಿಸದೆ ಇರುವುದು ಕಷ್ಟ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆಯ ಎಷ್ಟೋ ಹುಡುಗರ ದುಡಿಮೆ ಆ ದಿಕ್ಕಿಗೆ ತಿರುಗಿತು. ದ್ರಾಕ್ಷಿ, ರೇಷ್ಮೆ, ಹೂವು ನಂಬಿಕೊಂಡಿದ್ದ ಮನೆಗಳ ಮಕ್ಕಳು ಲೋಡರ್ ಆದರು, ಕ್ಲೀನಿಂಗ್‌ಗೆ ಸೇರಿದರು, ಸೆಕ್ಯೂರಿಟಿಗೆ ಹೋದರು, ಕ್ಯಾಬ್ ಓಡಿಸಿದರು. ಬೆಳಗಿನ ಜಾವ ಬಿ.ಬಿ. ರಸ್ತೆಯಲ್ಲಿ ಕುತ್ತಿಗೆಗೆ ಪಾಸ್ ಹಾಕಿಕೊಂಡು ಗಾಡಿಗೆ ಕಾಯುತ್ತಾ ನಿಂತಿರುತ್ತಾರೆ. ನಂದಿ ಬೆಟ್ಟದ ಮೇಲಿಂದ ನೋಡುವವರಿಗೆ ದೂರದಲ್ಲಿ ಇಳಿಯುವ ವಿಮಾನ ಒಂದು ಚಂದದ ನೋಟ. ನಮ್ಮ ಬೀದಿಯಲ್ಲಿ ಅದು ಯಾರದೋ ಮನೆಯವರ ಡ್ಯೂಟಿ. ಹಾಗಾಗಿ ಪರದೆಯ ಮೇಲೆ ವಿಮಾನ ನಿಂತ ಕೂಡಲೇ ನನ್ನ ಕಣ್ಣು ಕೆಳಗೆ ಹೋಗುತ್ತದೆ. ಇಲ್ಲಿ ಇರಬೇಕಾದವರು ಎಲ್ಲಿ?

ಏಣಿ ಎಲ್ಲಿಗೆ ನಿಲ್ಲಬೇಕು

ನಮ್ಮ ಚಿಕ್ಕಪ್ಪನ ಮಗ ಅಲ್ಲೇ ಕೆಲಸ ಮಾಡುತ್ತಾನೆ. ವಿಮಾನ ಬಂದು ನಿಂತ ತಕ್ಷಣ ಚಕ್ರಕ್ಕೆ ಅಡ್ಡ ಕೊಡುವುದು, ಏಣಿ ಗಾಡಿ ಹಚ್ಚುವುದು, ಲಗೇಜ್ ಇಳಿಸುವುದು ಅವನ ಕೆಲಸ. ಯುಗಾದಿಗೆ ಚಿಕ್ಕಪ್ಪನ ಮನೆಗೆ ಹೋಗಿದ್ದಾಗ ಒಬ್ಬಟ್ಟಿನ ಊಟ ಮುಗಿಸಿ ಎಲ್ಲರೂ ಟಿವಿ ಮುಂದೆ ಒರಗಿದ್ದೆವು. ಇಂಥದ್ದೇ ಒಂದು ಸಿನಿಮಾ ಓಡುತ್ತಿತ್ತು. ಕಮಾಂಡೋಗಳು ಕತ್ತಲಲ್ಲಿ ಓಡಿ ಬಂದು ಏಣಿ ಒರಗಿಸಿ ಬಾಗಿಲು ಒದೆಯುವ ದೃಶ್ಯ ಬಂತು. ಚಿಕ್ಕಮ್ಮ ಕೈಯಲ್ಲಿದ್ದ ಎಲೆಅಡಿಕೆ ಹಾಗೇ ಹಿಡಿದುಕೊಂಡು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಇವನು ಇದ್ದಕ್ಕಿದ್ದಂತೆ ಎದ್ದು ಕೂತ.

"ಅಕ್ಕಾ, ಅದು ಆಗಲ್ಲ. ವಿಮಾನದ ಬಾಗಿಲು ಒದ್ರೆ ಒಳಗೆ ಹೋಗಲ್ಲ. ಮೊದಲು ಸ್ವಲ್ಪ ಈಚೆಗೆ ಬಂದು ಆಮೇಲೆ ಪಕ್ಕಕ್ಕೆ ಸರಿಯತ್ತೆ. ಏಣಿ ಅಷ್ಟು ಅಂಟಿಸಿ ಇಟ್ರೆ ಬಾಗಿಲು ಏಣಿಗೇ ಸಿಕ್ಕಿಕೊಳ್ಳತ್ತೆ."

ನಾನು ಅವನಿಗೆ ಮಾರ್ಸೇಲ್ ಕಥೆ ಹೇಳಿದೆ. 1994ರ ಡಿಸೆಂಬರ್ 24ರಂದು ಅಲ್ಜೀರಿಯಾದ ಅಲ್ಜಿಯರ್ಸ್‌ನಲ್ಲಿ ಏರ್ ಫ್ರಾನ್ಸ್‌ನ ಒಂದು ಏರ್‌ಬಸ್ ಎ300 ವಿಮಾನವನ್ನು ನಾಲ್ವರು ಅಪಹರಿಸಿದರು. ಅಲ್ಲೇ ಮೂವರು ಪ್ರಯಾಣಿಕರನ್ನು ಕೊಂದರು. ಆಮೇಲೆ ವಿಮಾನ ಫ್ರಾನ್ಸಿನ ಮಾರ್ಸೇಲ್‌ಗೆ ಬಂತು. ಫ್ರೆಂಚ್ ಕಮಾಂಡೋ ಪಡೆ ಜಿಐಜಿಎನ್ ಅಂಥದ್ದೇ ಒಂದು ವಿಮಾನದ ಮೇಲೆ ಮೊದಲೇ ಅಭ್ಯಾಸ ಮಾಡಿಕೊಂಡಿತ್ತು. ಡಿಸೆಂಬರ್ 26ರ ಸಂಜೆ ಏಣಿ ಗಾಡಿಗಳ ಮೇಲೆ ನಿಂತು ಅವರು ವಿಮಾನದ ಕಡೆ ಸಾಗಿದರು. ಹತ್ತಿರ ಹೋದಾಗ ಏಣಿ ಬಾಗಿಲಿಗೆ ಸರಿಹೊಂದಲಿಲ್ಲ. ಅಭ್ಯಾಸ ಮಾಡಿದ್ದು ಖಾಲಿ ವಿಮಾನದ ಮೇಲೆ. ಎದುರಿಗಿದ್ದದ್ದು ಜನ, ಇಂಧನ ಎಲ್ಲಾ ತುಂಬಿದ್ದ ವಿಮಾನ. ಅದು ಅಷ್ಟು ಕೆಳಗೆ ಇತ್ತು. ಬಾಗಿಲು ತೆರೆಯಲು ಏಣಿ ಗಾಡಿಯನ್ನು ಹಿಂದಕ್ಕೆ ತೆಗೆಯಬೇಕಾಯಿತು. ಒಳಗೆ ಬಂದೂಕು ಹಿಡಿದವರು ಇದ್ದಾರೆ, ಹೊರಗೆ ಇವರು ಏಣಿಯ ಮೇಲೆ ಬಟಾಬಯಲಲ್ಲಿ ನಿಂತಿದ್ದಾರೆ. ಆ ಕೆಲವು ಕ್ಷಣ ಹೇಗಿದ್ದಿರಬೇಕು!

ಅವನಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ಲೋಡ್ ಆಗ್ತಾ ಆಗ್ತಾ ವಿಮಾನ ಕೂರತ್ತೆ ಅಕ್ಕ. ಖಾಲಿಯಾಗ್ತಾ ಏಳತ್ತೆ. ನಾವು ದಿನಾ ನೋಡ್ತೀವಿ. ಅದಕ್ಕೇ ಏಣಿನ ಹೊಸ್ತಿಲಿಗಿಂತ ಸ್ವಲ್ಪ ಕೆಳಗೇ ನಿಲ್ಲಿಸೋದು." ಅಂಗೈಯನ್ನು ವಿಮಾನದ ಹಾಗೆ ಚಪ್ಪಟೆ ಹಿಡಿದು, ಇನ್ನೊಂದು ಕೈಯನ್ನು ಬೆರಳಗಲ ಕೆಳಗೆ ಇಟ್ಟು ತೋರಿಸಿದ. ಲಗೇಜ್ ಬೆಲ್ಟಿನ ಅಂಚಿಗೆ ಉಜ್ಜಿ ಉಜ್ಜಿ ಆ ಕೈಯ ಗೆಣ್ಣುಗಳು ಗಟ್ಟಿಯಾಗಿವೆ. ಜಗತ್ತಿನ ಅತಿ ನುರಿತ ಪಡೆಗಳಲ್ಲಿ ಒಂದಕ್ಕೆ ಆ ಸಂಜೆ ಎದುರಾದ ತೊಡಕು, ನಮ್ಮ ಹುಡುಗನ ನಿತ್ಯದ ಕೆಲಸದ ಒಳಗೇ ಇರುವಂಥದ್ದು. ನನಗೆ ಅದು ಬಹಳ ದೊಡ್ಡ ಸಂಗತಿ ಅನ್ನಿಸಿತು.

ಆ ಕಾರ್ಯಾಚರಣೆ ಗೆದ್ದಿತು ಅನ್ನುವುದನ್ನೂ ಹೇಳಬೇಕು. ಜಿಐಜಿಎನ್‌ನ ಹಲವರು ಗಾಯಗೊಂಡರು, ನಾಲ್ವರು ಅಪಹರಣಕಾರರೂ ಸತ್ತರು, ಒಳಗಿದ್ದ ಪ್ರಯಾಣಿಕರೆಲ್ಲಾ ಬದುಕಿ ಬಂದರು. ಗೆಲುವಿನ ದೊಡ್ಡ ಭಾಗ ಅದಕ್ಕೂ ಮೊದಲೇ ಸಿಕ್ಕಿತ್ತು. ಮಾರ್ಸೇಲ್‌ನಲ್ಲಿ ಊಟ ಕೊಡುವುದಕ್ಕೆ, ಟಾಯ್ಲೆಟ್ ಖಾಲಿ ಮಾಡುವುದಕ್ಕೆ, ಗುಡಿಸುವುದಕ್ಕೆ ಒಳಗೆ ಹೋದ ಸಿಬ್ಬಂದಿಯ ವೇಷದಲ್ಲಿ ಕಮಾಂಡೋಗಳೇ ಇದ್ದರು. ಕಸ ತೆಗೆಯುತ್ತಾ ತೆಗೆಯುತ್ತಾ ಬಾಗಿಲುಗಳಿಗೆ ಅಡ್ಡ ಏನೂ ಇಟ್ಟಿಲ್ಲ, ಸ್ಫೋಟಕ ಕಟ್ಟಿಲ್ಲ ಎಂದು ನೋಡಿಕೊಂಡು ಬಂದರು.

ಇದು ಮೊದಲ ಸಲವೂ ಅಲ್ಲ. 1972ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸಬೀನಾ ಕಂಪನಿಯ ವಿಮಾನವನ್ನು ಅಪಹರಿಸಿ ಟೆಲ್ ಅವೀವ್ ಹತ್ತಿರದ ಲೋಡ್ ನಿಲ್ದಾಣದಲ್ಲಿ ಇಳಿಸಿದ್ದರು. ರಾತ್ರಿ ಕತ್ತಲಲ್ಲಿ ಇಸ್ರೇಲಿನವರು ವಿಮಾನದ ಟೈರಿನ ಗಾಳಿ ಬಿಟ್ಟು, ಹೈಡ್ರಾಲಿಕ್ ಎಣ್ಣೆ ಸುರಿಸಿ, ಹಾರದಂತೆ ಮಾಡಿದರು. ಮಾರನೆಯ ದಿನ ಹಗಲಲ್ಲೇ ಬಿಳಿ ಮೇಲಂಗಿ ತೊಟ್ಟ ಮೆಕ್ಯಾನಿಕ್‌ಗಳು ರಿಪೇರಿಗೆ ಬಂದರು. ಹದಿನಾರು ಜನ. ಅವರೆಲ್ಲಾ ಇಸ್ರೇಲಿನ ಕಮಾಂಡೋಗಳು. ಮುಂದೆ ಆ ದೇಶದ ಪ್ರಧಾನಿಗಳಾದ ಎಹೂದ್ ಬರಾಕ್ ಮತ್ತು ಬೆಂಜಮಿನ್ ನೆತನ್ಯಾಹು ಇಬ್ಬರೂ ಆ ಗುಂಪಿನಲ್ಲಿದ್ದರು. ಕಪ್ಪು ಬಟ್ಟೆ ಇಲ್ಲ, ಹಗ್ಗದಲ್ಲಿ ಜಾರುವುದಿಲ್ಲ. ಉಪಕರಣ ಹಿಡಿದು ನಡೆದುಕೊಂಡು ಬಂದರು. ಮೆಕ್ಯಾನಿಕ್ ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ ಅಲ್ವಾ? ಆ ಕೆಲಸ ಅಷ್ಟು ಅನಿವಾರ್ಯ, ಆ ಕೆಲಸದವರು ಅಷ್ಟು ಕಣ್ಣಿಗೆ ಬೀಳದವರು. ಕಮಾಂಡೋಗಳು ಬಳಸಿಕೊಂಡದ್ದು ಇದನ್ನೇ.

ಕರಾಚಿಯ ಆ ಎಂಜಿನ್

ಸಿನಿಮಾದ ವಿಮಾನದಲ್ಲಿ ದಿನಗಟ್ಟಲೆ ದೀಪ ಉರಿಯುತ್ತಲೇ ಇರುತ್ತದೆ. ಎಸಿ ಓಡುತ್ತಲೇ ಇರುತ್ತದೆ. ನಾಯಕಿಯ ಮುಖದಲ್ಲಿ ಹದವಾಗಿ ಒಂದೆರಡು ಬೆವರ ಹನಿ. ಆ ಕರೆಂಟ್ ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ.

ದೊಡ್ಡ ಎಂಜಿನ್‌ಗಳು ನಿಂತಾಗ ವಿಮಾನದ ಬಾಲದಲ್ಲಿರುವ ಎಪಿಯು ಎಂಬ ಚಿಕ್ಕ ಎಂಜಿನ್ ಕರೆಂಟ್ ಕೊಡುತ್ತದೆ, ಗಾಳಿ ಕೊಡುತ್ತದೆ. ಇಲ್ಲವೇ ಕೆಳಗಿನಿಂದ ಜನರೇಟರ್ ಗಾಡಿಯ ಕೇಬಲ್ ಸಿಕ್ಕಿಸಬೇಕು. ಇಂಧನ ಮುಗಿದರೆ ಎಪಿಯು ನಿಲ್ಲುತ್ತದೆ. ನಿಂತರೆ ಒಳಗೆ ಕತ್ತಲು, ಸೆಕೆ, ನಾತ.

1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಆದದ್ದು ಇದೇ. ಮುಂಬೈಯಿಂದ ಹೊರಟಿದ್ದ, ಅಮೆರಿಕದ ಪ್ಯಾನ್ ಆಮ್ ಕಂಪನಿಯ ಫ್ಲೈಟ್ 73, ಜಂಬೋ 747 ವಿಮಾನ. ನಾಲ್ವರು ಬಂದೂಕುಧಾರಿಗಳು ನುಗ್ಗಿದರು. ಗಗನಸಖಿಯರು ಕೂಡಲೇ ಸುದ್ದಿ ಮುಟ್ಟಿಸಿದ್ದರಿಂದ ಪೈಲಟ್‌ಗಳು ಕಾಕ್‌ಪಿಟ್ಟಿನ ಮೇಲಿನ ಕಿಂಡಿಯಿಂದ ಇಳಿದು ಹೋದರು. ಪೈಲಟ್ ಇಲ್ಲದ ವಿಮಾನ ಹಾರುವಂತಿರಲಿಲ್ಲ. ಗಗನಸಖಿ ನೀರಜಾ ಭಾನೋತ್ ಅವರ ಬಗ್ಗೆ ಎಲ್ಲರಿಗೂ ಗೊತ್ತು. 23 ತುಂಬಲು ಎರಡೇ ದಿನ ಇದ್ದ ಆ ಹುಡುಗಿ ಅಮೆರಿಕನ್ ಪಾಸ್‌ಪೋರ್ಟ್‌ಗಳನ್ನು ಬಚ್ಚಿಡಿಸಿದ್ದು, ಕೊನೆಗೆ ಬಾಗಿಲು ತೆರೆದು ಜನರನ್ನು ಹೊರಗೆ ಕಳಿಸುತ್ತಾ ತಾನು ಗುಂಡಿಗೆ ಬಲಿಯಾದದ್ದು, ಅಶೋಕ ಚಕ್ರ ಬಂದದ್ದು. ಅವರನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ನಾನು ಹೇಳಬೇಕೆಂದಿರುವ ಇನ್ನೊಬ್ಬರು ಮೆಹರ್ಜಿ ಖರಾಸ್. ಅವರು ಪ್ಯಾನ್ ಆಮ್‌ನ ಮೆಕ್ಯಾನಿಕ್. ಆ ಹೊತ್ತಿಗೆ ವಿಮಾನದೊಳಗೆ ಇದ್ದರು. ಪೈಲಟ್‌ಗಳು ಹೋದ ಮೇಲೆ ರೇಡಿಯೊದಲ್ಲಿ ಹೊರಗಿನವರ ಜೊತೆ ಮಾತಾಡಲು ತಿಳಿದಿದ್ದವರು ಅವರು. ಗಂಟೆಗಟ್ಟಲೆ, ತಲೆಗೆ ಬಂದೂಕು ಇರುವಾಗ, ಆ ರೇಡಿಯೊ ಮುಂದೆ ಕೂತರು. ರಾತ್ರಿ ಎಪಿಯು ನಿಂತಿತು. ದೀಪ ಮಂಕಾಗಿ ಆರಿತು. ಕಮಾಂಡೋಗಳು ಬಂದೇಬಿಟ್ಟರು ಎಂದುಕೊಂಡ ಅಪಹರಣಕಾರರು ಒಟ್ಟುಗೂಡಿಸಿದ್ದ ಜನರ ಮೇಲೆ ಗುಂಡು ಹಾರಿಸಿದರು, ಗ್ರೆನೇಡ್ ಎಸೆದರು. ಸುಮಾರು 20 ಜನ ಸತ್ತರು. ಮೆಹರ್ಜಿ ಖರಾಸ್ ಕೂಡ. ಇಡೀ ದಿನದ ಸಹನೆ, ಮಾತುಕತೆ, ಉಪಾಯ ಎಲ್ಲಾ ಒಂದು ಚಿಕ್ಕ ಎಂಜಿನ್ ನಿಂತ ಕ್ಷಣದಲ್ಲಿ ಮುರಿದುಬಿತ್ತು. ಅದು ಎಷ್ಟು ಹೊತ್ತು ಓಡುತ್ತದೆ, ನಿಂತಾಗ ಒಳಗೆ ಏನು ಕಾಣುತ್ತದೆ ಎಂಬುದು ಆ ರಾತ್ರಿ ಎಲ್ಲಕ್ಕಿಂತ ಮುಖ್ಯವಾದ ಮಾಹಿತಿಯಾಗಿತ್ತು. ಅಂಥ ಮಾಹಿತಿ ಇರುವುದು ಮಂತ್ರಿಗಳ ಹತ್ತಿರ ಅಲ್ಲ, ಬಂದೂಕು ಹಿಡಿದವರ ಹತ್ತಿರವೂ ಅಲ್ಲ. ಮೆಕ್ಯಾನಿಕ್‌ಗಳ ಹತ್ತಿರ.

ಅಮೃತಸರ, ಎರಡು ಸಲ

ನಮ್ಮ ದೇಶದ ಮಟ್ಟಿಗೆ ಈ ವಿಷಯ ಬಂದರೆ ಅಮೃತಸರಕ್ಕೇ ಬಂದು ನಿಲ್ಲುತ್ತದೆ. ಒಂದು ಸಲ ಗೆದ್ದೆವು, ಒಂದು ಸಲ ಕೈ ಜಾರಿತು. ನಡುವೆ ಏಳು ವರ್ಷವೂ ಇಲ್ಲ.

1993ರ ಏಪ್ರಿಲ್ 24. ದೆಹಲಿಯಿಂದ ಶ್ರೀನಗರಕ್ಕೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ 427 ವಿಮಾನವನ್ನು ಒಬ್ಬನೇ ಒಬ್ಬ ಅಪಹರಿಸಿದ. ಲಾಹೋರ್ ಇಳಿಯಲು ಬಿಡಲಿಲ್ಲ. ವಿಮಾನ ಅಮೃತಸರದಲ್ಲಿ ಇಳಿಯಿತು. ಅಲ್ಲಿಂದ ಮುಂದೆ ಬರೀ ಮಾತು, ಬರೀ ಕಾಯುವುದು. ನಮ್ಮ ಕಮಾಂಡೋ ಪಡೆ ಎನ್‌ಎಸ್‌ಜಿ ಬಂದು ಸೇರಿತು. ರಾತ್ರಿ ಒಂದು ಗಂಟೆ ದಾಟಿದ ಮೇಲೆ ಕಮಾಂಡೋಗಳು ಒಳಗೆ ಹೋದರು. ಐದು ನಿಮಿಷ. ಒಳಗಿದ್ದ 141 ಜನರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಇದಕ್ಕೆ ಆಪರೇಷನ್ ಅಶ್ವಮೇಧ ಎಂದು ಹೆಸರು. ಇಷ್ಟು ಚೊಕ್ಕವಾದ ಕೆಲಸ ನಮ್ಮ ಜನರ ನೆನಪಿನಲ್ಲಿ ಅಷ್ಟಾಗಿ ಉಳಿದೇ ಇಲ್ಲ. ಕಂದಹಾರ್ ಎಂದರೆ ಎಲ್ಲರಿಗೂ ಗೊತ್ತು, ಅಶ್ವಮೇಧ ಎಂದರೆ ಕುದುರೆಯ ಕಥೆ ಹೇಳುತ್ತಾರೆ. ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ.

1999ರ ಡಿಸೆಂಬರ್ 24. ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ ಐಸಿ 814 ವಿಮಾನವನ್ನು ಅಪಹರಿಸಿದರು. ಇಂಧನ ಸಾಲದೆ ಸಂಜೆ ಅಮೃತಸರದಲ್ಲಿ ಇಳಿಯಿತು. ಸುಮಾರು ಮುಕ್ಕಾಲು ಗಂಟೆ ನೆಲದ ಮೇಲೆ ಇತ್ತು. ಅಷ್ಟರೊಳಗೆ ಹೇಗಾದರೂ ಮಾಡಿ ನಿಲ್ಲಿಸಿಕೊಳ್ಳಬೇಕಿತ್ತು. ಕೊನೆಗೆ ಒಂದು ಇಂಧನ ಟ್ಯಾಂಕರನ್ನು ವಿಮಾನಕ್ಕೆ ಅಡ್ಡ ಹಾಕಲು ಕಳಿಸಿದರು. ಅದು ಜೋರಾಗಿ ಬಂತು. ನಿಧಾನ ಮಾಡು ಎಂದು ರೇಡಿಯೊದಲ್ಲಿ ಹೇಳಿದಾಗ ಒಮ್ಮೆಗೇ ನಿಂತುಬಿಟ್ಟಿತು. ಒಳಗಿದ್ದವರಿಗೆ ಅನುಮಾನ ಬಂತು. ಪೈಲಟ್ ದೇವಿ ಶರಣ್ ಅವರನ್ನು ಬೆದರಿಸಿ ವಿಮಾನ ಎಬ್ಬಿಸಿದರು. ಎನ್‌ಎಸ್‌ಜಿ ಅಮೃತಸರ ಮುಟ್ಟುವ ಹೊತ್ತಿಗೆ ವಿಮಾನ ಅಲ್ಲಿರಲಿಲ್ಲ. ಆಮೇಲಿನದು ಗೊತ್ತಿರುವುದೇ. ಲಾಹೋರ್, ದುಬೈ, ಕಂದಹಾರ್. ಹನಿಮೂನ್ ಮುಗಿಸಿ ಬರುತ್ತಿದ್ದ 25ರ ರುಪಿನ್ ಕಟ್ಯಾಲ್ ಅವರ ಸಾವು. ವರ್ಷದ ಕೊನೆಯ ದಿನ ಮೂವರು ಉಗ್ರರನ್ನು ಬಿಟ್ಟು ಒತ್ತೆಯಾಳುಗಳನ್ನು ಕರೆತಂದದ್ದು.

ಈ ಟ್ಯಾಂಕರಿನ ಸಂಗತಿ ಹೇಳಿದಾಗ ನಮ್ಮ ಹುಡುಗ ಬಹಳ ಹೊತ್ತು ಯೋಚಿಸಿದ. ಆಮೇಲೆ ಹೇಳಿದ: "ಅಕ್ಕ, ವಿಮಾನದ ಹತ್ತಿರ ಗಾಡಿ ತಗೊಂಡು ಹೋಗೋವಾಗ ನಡೆಯೋ ಸ್ಪೀಡಲ್ಲಿ ಹೋಗಬೇಕು, ಮೊದಲೇ ಬ್ರೇಕ್ ಹಾಕಿ ನೋಡ್ಕೋಬೇಕು ಅಂತ ನಮಗೆ ಮೊದಲನೇ ದಿನದಿಂದ ತಲೆಗೆ ತುಂಬಿರ್ತಾರೆ. ಒಳಗಿಂದ ಯಾರೇ ನೋಡಲಿ, ಟ್ಯಾಂಕರ್ ನಿಧಾನಕ್ಕೆ ಬಂದ್ರೆ ಡೀಸೆಂಟಾಗಿ ಕಾಣತ್ತೆ. ಓಡಿಸ್ಕೊಂಡು ಬಂದ್ರೆ ಯಾರಿಗಾದ್ರೂ ಭಯ ಆಗತ್ತೆ." ಸ್ವಲ್ಪ ತಡೆದು, "ಪಾಪ, ಆ ಡ್ರೈವರ್‌ಗೆ ಏನು ಹೇಳಿ ಕಳಿಸಿದ್ರೋ" ಅಂದ.

ಆ ಘಟನೆಯ ಬಗ್ಗೆ ನಾನು ಓದಿದ ಎಲ್ಲಾ ಕಡೆ ಪ್ರಶ್ನೆ ಮೇಲಿನವರದು. ಯಾರು ಆದೇಶ ಕೊಡಲಿಲ್ಲ, ಯಾವ ಸಮಿತಿ ತಡ ಮಾಡಿತು, ಯಾವ ಫೋನ್ ಹೋಗಲಿಲ್ಲ. ಸರಿಯಾದ ಪ್ರಶ್ನೆಗಳೇ. ಆದರೆ ಆ ಕತ್ತಲಲ್ಲಿ ಸ್ಟೀರಿಂಗ್ ಹಿಡಿದು ಕೂತವನು ಏನು ಯೋಚಿಸುತ್ತಿದ್ದ ಎಂದು ಮೊದಲು ಕೇಳಿದ್ದು ಚಿಕ್ಕಪ್ಪನ ಮನೆಯ ಚಾಪೆಯ ಮೇಲೆ ಕೂತ ಈ ಹುಡುಗ. ಇಡೀ ದೇಶದ ಭಾರ ಕೆಲವು ನಿಮಿಷ ಒಬ್ಬ ಟ್ಯಾಂಕರ್ ಡ್ರೈವರ್‌ನ ಬಲಗಾಲಿನ ಮೇಲೆ ಇತ್ತು. ಇದಕ್ಕಿಂತ ದೊಡ್ಡ ದೃಶ್ಯ ಯಾವ ಸಿನಿಮಾಕ್ಕೆ ಬೇಕು?

ಸಿಟ್ಟು ಮತ್ತು ಅಭ್ಯಾಸ

ಕಮಾಂಡೋಗಳ ಮೇಲಿನ ನನ್ನ ಅಭಿಮಾನ ಇದರಿಂದ ಒಂದಿಷ್ಟೂ ಕಡಿಮೆಯಾಗಿಲ್ಲ. ನನ್ನ ವಾರಗೆಯ ಕನ್ನಡದವರಿಗೆ ಕಮಾಂಡೋ ಎಂದರೆ ಕಣ್ಣ ಮುಂದೆ ಬರುವುದು ವಿಷ್ಣುವರ್ಧನ್. ಸುನೀಲ್ ಕುಮಾರ್ ದೇಸಾಯಿ ಅವರ 'ನಿಷ್ಕರ್ಷ'ದಲ್ಲಿ ಮಣಿಪಾಲದ ಬ್ಯಾಂಕಿನೊಳಗೆ ಜನ ಒತ್ತೆಯಾಗಿ ಸಿಕ್ಕಿಕೊಂಡಾಗ ಅವರನ್ನು ಬಿಡಿಸಲು ಬರುವ ಕಮಾಂಡೋ. ಆ ಸಿನಿಮಾ ನನಗೆ ಇಷ್ಟವಾಗುವುದಕ್ಕೆ ಒಂದು ಕಾರಣ ಅದು ಒಂದೇ ಕಟ್ಟಡದ ಒಳಗೆ ಗಟ್ಟಿಯಾಗಿ ನಿಂತಿರುವುದು. 2011ರಲ್ಲಿ ರಾಧಾಮೋಹನ್ ಅವರ ತೆಲುಗು 'ಗಗನಂ' ಬಂತು. ಅದರಲ್ಲಿ ಅಪಹರಣವಾದ ವಿಮಾನ ತಿರುಪತಿಯಲ್ಲಿ ಇಳಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು ಆಡುತ್ತಾರೆ, ತಿರುಪತಿಯಂತೂ ಪಕ್ಕದ ಮನೆ ಇದ್ದ ಹಾಗೆ. ನಾಗಾರ್ಜುನ ಅಂಥ ಸ್ಟಾರ್ ಇದ್ದೂ ಆ ಸಿನಿಮಾ ಪ್ರಯಾಣಿಕರ ಮುಖಗಳಿಗೆ ಸಮಯ ಕೊಟ್ಟಿತ್ತು.

ಆದರೆ ಜಾಸ್ತಿ ಸಿನಿಮಾಗಳು ಕಮಾಂಡೋನನ್ನು ನಡೆಸುವುದು ಸಿಟ್ಟಿನ ಮೇಲೆ. ಅವನ ತಮ್ಮನನ್ನೋ ಗೆಳೆಯನನ್ನೋ ಮೊದಲೇ ಕೊಂದಿರುತ್ತಾರೆ. ಅವನು ಮೇಲಿನವರ ಮಾತು ಕೇಳದೆ ನುಗ್ಗುತ್ತಾನೆ. ನಿಜವಾದ ಕಾರ್ಯಾಚರಣೆಗಳ ಬಗ್ಗೆ ಓದಿದಷ್ಟೂ ನನಗೆ ಸಿಟ್ಟು ಕಾಣುವುದು ಕಡಿಮೆ. 1977ರ ಅಕ್ಟೋಬರ್‌ನಲ್ಲಿ ಅಪಹರಣವಾದ ಜರ್ಮನಿಯ ಲುಫ್ತಾನ್ಸಾದ 'ಲ್ಯಾಂಡ್ಸ್‌ಹುಟ್' ವಿಮಾನ ಐದು ದಿನ ಊರಿಂದೂರಿಗೆ ಅಲೆದು ಸೊಮಾಲಿಯಾದ ಮೊಗದಿಶುವಿಗೆ ಬಂತು. ದಾರಿಯಲ್ಲಿ ಏಡನ್‌ನಲ್ಲಿ ಕ್ಯಾಪ್ಟನ್ ಯೂರ್ಗನ್ ಶೂಮನ್ ಅವರನ್ನು ಕೊಂದಿದ್ದರು. ಜರ್ಮನಿಯ ಜಿಎಸ್‌ಜಿ 9 ಪಡೆ ಹಿಂದಿನಿಂದ ಕತ್ತಲಲ್ಲಿ ಬಂದು ಏಣಿ ಒರಗಿಸಿತು. ಅದೇ ಹೊತ್ತಿಗೆ ಸೊಮಾಲಿಯಾದ ಸೈನಿಕರು ವಿಮಾನದ ಮುಂದೆ ಬೆಂಕಿ ಹಚ್ಚಿದರು. ಅದೇನೆಂದು ನೋಡಲು ಅಪಹರಣಕಾರರು ಕಾಕ್‌ಪಿಟ್ ಕಡೆ ಹೋದರು, ಹಿಂದಿನ ಬಾಗಿಲು ತೆರೆಯಿತು. ಉಳಿದಿದ್ದ 86 ಪ್ರಯಾಣಿಕರೂ ಬದುಕಿದರು. ಬಾಗಿಲು ಎಲ್ಲಿದೆ, ಏಣಿ ಎಷ್ಟು ಉದ್ದ, ಒಳಗಿನವರ ಕಣ್ಣು ಎತ್ತ ಇದೆ ಎಂಬ ಲೆಕ್ಕದಲ್ಲಿ ಗೆದ್ದ ಕೆಲಸ ಅದು.

ಆ ಲೆಕ್ಕ ತಪ್ಪಿದಾಗ ಏನಾಗುತ್ತದೆ ಎಂದು 1985ರ ನವೆಂಬರ್‌ನಲ್ಲಿ ಮಾಲ್ಟಾ ತೋರಿಸಿತು. ಅಪಹರಣವಾಗಿ ಅಲ್ಲಿ ಇಳಿದಿದ್ದ ಈಜಿಪ್ಟ್ ಏರ್ ವಿಮಾನಕ್ಕೆ ನುಗ್ಗಲು ಈಜಿಪ್ಟಿನ ಕಮಾಂಡೋಗಳು ಸ್ಫೋಟಕ ಬಳಸಿದರು. ಬೆಂಕಿ, ಹೊಗೆ. ಸುಮಾರು 60 ಜನ ಸತ್ತರು. ಆ ಕಮಾಂಡೋಗಳಿಗೆ ಧೈರ್ಯ ಕಡಿಮೆ ಇತ್ತು ಎಂದು ನಾನು ಹೇಳಲಾರೆ. ಧೈರ್ಯದಿಂದ ಹೊಗೆ ಕರಗುವುದಿಲ್ಲ. ಉಗಾಂಡಾದ ಎಂಟೆಬ್ಬೆಯಲ್ಲಿ ಇಸ್ರೇಲಿನ ಕಮಾಂಡೋಗಳು ಪಡೆದಂಥ ದೊಡ್ಡ ಗೆಲುವಿನಲ್ಲೂ ಒಂದು ಮೂಲೆ ಹೀಗೇ ಇದೆ. 1976ರ ಜುಲೈನಲ್ಲಿ ನಾಲ್ಕು ಹರ್ಕ್ಯುಲಿಸ್ ವಿಮಾನಗಳಲ್ಲಿ ಸುಮಾರು 4000 ಕಿಲೋಮೀಟರ್ ಹಾರಿ ಬಂದು ನೂರಕ್ಕೂ ಹೆಚ್ಚು ಜನರನ್ನು ಬಿಡಿಸಿದ ಆ ಕಥೆಯ ಮೇಲೆ 1977 ಮುಗಿಯುವುದರೊಳಗೆ ಮೂರು ಸಿನಿಮಾ ಬಂದವು. ಮಲಗಿರಿ ಎಂದು ಕಮಾಂಡೋಗಳು ಕೂಗುತ್ತಿದ್ದಾಗ ಎದ್ದು ನಿಂತ 19ರ ಹುಡುಗನೊಬ್ಬ ಅವರದೇ ಗುಂಡಿಗೆ ಸತ್ತ. ಊಟ ಗಂಟಲಲ್ಲಿ ಸಿಕ್ಕಿ ಕಂಪಾಲಾದ ಆಸ್ಪತ್ರೆಗೆ ಹೋಗಿದ್ದ 74ರ ಅಜ್ಜಿ ಡೋರಾ ಬ್ಲಾಕ್ ಅಲ್ಲೇ ಉಳಿದುಹೋದರು, ಆಮೇಲೆ ಅವರನ್ನು ಕೊಂದರು. ವಿಮಾನ ಎದ್ದ ಕೂಡಲೇ ಸಂಗೀತ ಶುರುವಾಗುವ ಸಿನಿಮಾ ನೋಡುವಾಗ ನನಗೆ ಆ ಅಜ್ಜಿ ನೆನಪಾಗುತ್ತಾರೆ.

ಕಮಾಂಡೋನ ದೊಡ್ಡಸ್ತಿಕೆ ಇರುವುದು ಇಲ್ಲೇ ಅಂತ ನನ್ನ ನಂಬಿಕೆ. ಅವನು ತನ್ನ ಸಿಟ್ಟನ್ನು ಬದಿಗಿಟ್ಟು, ಮೆಕ್ಯಾನಿಕ್‌ನ ಹತ್ತಿರ ಕೂತು, ಬಾಗಿಲ ಹಿಡಿ ಎತ್ತ ತಿರುಗುತ್ತದೆ ಎಂದು ಕೇಳಿ ತಿಳಿದುಕೊಳ್ಳುತ್ತಾನೆ. ಕತ್ತಲಲ್ಲಿ ಮತ್ತೆ ಮತ್ತೆ ಅದನ್ನೇ ಮಾಡಿ ಕೈಗೆ ಕಲಿಸುತ್ತಾನೆ. ಸಿನಿಮಾ ಅದನ್ನು ತೋರಿಸದೆ ಅವನ ಕೈಗೆ ಎರಡು ಬಂದೂಕು ಕೊಟ್ಟಾಗ ಅವನಿಗೂ ಅನ್ಯಾಯ ಆಗುತ್ತದೆ, ಅವನಿಗೆ ಕಲಿಸಿದವನಿಗೂ.

ಕನ್ನಡದಲ್ಲಿ ಇಂಥದ್ದೊಂದು ಸಿನಿಮಾ ಯಾರಾದರೂ ಮಾಡುವುದಾದರೆ ನನ್ನ ಕೋರಿಕೆ ಇಷ್ಟೇ. ಟ್ಯಾಂಕರ್ ಓಡಿಸುವವನ ಪಾತ್ರವನ್ನು ಜೂನಿಯರ್ ಆರ್ಟಿಸ್ಟ್‌ಗೆ ಕೊಡಬೇಡಿ. ಒಳ್ಳೆಯ ನಟನನ್ನು ಹಾಕಿ. ಅವನಿಗೊಂದು ಹೆಸರಿರಲಿ, ಮನೆಯಿರಲಿ, ಆ ರಾತ್ರಿ ಶಿಫ್ಟ್ ಬದಲಾಯಿಸಿಕೊಂಡು ಬಂದಿರಲಿ. ರೇಡಿಯೊದಲ್ಲಿ ಅವನಿಗೆ ಬರುವ ಆದೇಶ ನಮಗೂ ಪೂರ್ತಿ ಕೇಳಿಸಲಿ. ನಡೆಯುವ ವೇಗದಲ್ಲೇ ಅವನು ವಿಮಾನದ ಕಡೆ ಸಾಗಲಿ, ಆ ದಾರಿಯನ್ನು ಎಡಿಟಿಂಗ್‌ನಲ್ಲಿ ಕತ್ತರಿಸಬೇಡಿ.